ಕಲ್ಲು ನೋಡಲು ಕಡಲು ದಾಟುವವರಿಗೆ: ಮಾಲ್ಟಾನಾ, ಓರ್ಕ್ನಿನಾ, ಗ್ರೀಸ್ ದ್ವೀಪಗಳಾ?

ಸಿಂಧನೂರಿನ ಗೆಳೆಯ ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಭತ್ತ ಮಾರಿ ಆಯ್ತು, ಪಾಸ್‌ಪೋರ್ಟೂ ಬಂತು. ಈಗ ಹೇಳಪ್ಪಾ, ಮಾಲ್ಟಾಕ್ಕೆ ಹೋಗ್ಲೋ ಓರ್ಕ್ನಿಗೆ ಹೋಗ್ಲೋ?" ಅಂದ. ಮಾಲ್ಟಾ ಅಂದರೆ ಮೆಡಿಟರೇನಿಯನ್ ಕಡಲಿನ ಸಣ್ಣ ದ್ವೀಪ ದೇಶ, ಓರ್ಕ್ನಿ ಅಂದರೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ದ್ವೀಪಗಳು. ಹೋದ ವಾರ ಬಳ್ಳಾರಿಯ ಮೇಷ್ಟ್ರು ದಂಪತಿ ಇದನ್ನೇ ಕೇಳಿದ್ದರು, ಅವರ ಪಟ್ಟಿಯಲ್ಲಿ ಗ್ರೀಸ್ ಕೂಡ ಇತ್ತು. ಅದಕ್ಕೂ ಮೊದಲು ಕೊಪ್ಪಳದ ಒಬ್ಬ ಹುಡುಗ, ಅವನಿಗೆ ದೊಡ್ಡ ಕಲ್ಲಿನ ಮೂರ್ತಿಗಳಿರುವ ಈಸ್ಟರ್ ದ್ವೀಪವೇ ಬೇಕಂತೆ. ಎಲ್ಲರದ್ದೂ ಒಂದೇ ಚಟ. ಹಳೇ ಕಲ್ಲು ನೋಡಬೇಕು, ಅದೂ ದ್ವೀಪದಲ್ಲಿ, ಅದೂ ಜನಜಾತ್ರೆ ಇಲ್ಲದ ಕಡೆ. ಪ್ರತಿಯೊಬ್ಬರಿಗೂ ಒಂದೊಂದು ತಾಸು ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದಿಟ್ಟರೆ ನನ್ನ ಕಿವಿಯಾದರೂ ಉಳಿಯುತ್ತೆ ಅಂತ ಕೂತಿದ್ದೇನೆ.

ನನ್ನ ಬಗ್ಗೆ ಎರಡು ಮಾತು. ನಾನು ಗಂಗಾವತಿಯವನು. ಮಾಲ್ಟಾಕ್ಕೆ ಅವ್ವನನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ಓರ್ಕ್ನಿಗೆ ಮೂರು ಜನ ಗೆಳೆಯರು ಹೋಗಿದ್ದೆವು. ಗ್ರೀಸಿಗೆ ನಾನು ಹೋಗಿಲ್ಲ, ಅಕ್ಕ-ಭಾವ ಹೋಗಿ ಬಂದರು, ಅವರ ಟಿಕೆಟ್ಟು ವೀಸಾ ಎಲ್ಲ ನಾನೇ ಕೂತು ಮಾಡಿದ್ದು. ಹಾಗಾಗಿ ಗ್ರೀಸಿನ ವಿಷಯಕ್ಕೆ ಅರ್ಧ ಅಕ್ಕನ ಕಣ್ಣು, ಅರ್ಧ ನನ್ನ ಲೆಕ್ಕ.

ಯಾವುದನ್ನೂ ಬುಕ್ ಮಾಡುವ ಮೊದಲು ಒಂದು ಕೆಲಸ ಮಾಡಿ. ಒಂದು ಭಾನುವಾರ ಬೆಳಗಿನ ಜಾವ ಹಿರೇಬೆಣಕಲ್ ಗುಡ್ಡ ಹತ್ತಿ. ಗಂಗಾವತಿಯಿಂದ ಹತ್ತು ಕಿಲೋಮೀಟರಿನ ಆಸುಪಾಸು, ಬುತ್ತಿ ಕಟ್ಟಿಕೊಂಡು ಹೋಗಿ. ಮೇಲೆ ನಾನೂರರಷ್ಟು ಕಲ್ಲುಗೋರಿಗಳಿವೆ, ನಮ್ಮ ಜನ ಮೋರ್ಯರ ಮನೆ ಅನ್ನುತ್ತಾರಲ್ಲ, ಅವೇ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದಾರೆ, ಎದುರಿನ ಚಪ್ಪಡಿಯಲ್ಲಿ ದುಂಡಗೆ ಒಂದು ತೂತು. ಬೋರ್ಡು ಕಡಿಮೆ, ಗೈಡು ಇಲ್ಲ, ಚಹಾದ ಅಂಗಡಿ ಇಲ್ಲ. ಬರೀ ಕಲ್ಲು, ಗಾಳಿ ಮತ್ತು ಒಂದು ಕೆರೆ. ಅಲ್ಲಿ ಎರಡು ತಾಸು ಕಳೆದ ಮೇಲೂ ಇನ್ನೊಂದು ನೋಡೋಣ, ಆ ಕಡೆ ಏನಿದೆ ಅಂತ ನಿಮಗೆ ಅನ್ನಿಸಿದರೆ ನೀವು ಓರ್ಕ್ನಿಗೆ ಹೋಗುವ ಜನ. ಅರ್ಧ ತಾಸಿಗೆ "ಆಯ್ತಲ್ಲ, ಮಿರ್ಚಿ ತಿನ್ನೋಕೆ ಹೋಗೋಣ" ಅನ್ನಿಸಿದರೂ ಬೇಜಾರು ಬೇಡ, ನಿಮಗೆ ಮಾಲ್ಟಾ ಇದೆ. ಈ ಪರೀಕ್ಷೆಗೆ ಪೆಟ್ರೋಲ್ ಖರ್ಚು ಬಿಟ್ಟರೆ ಏನೂ ಇಲ್ಲ, ಉಳಿಸುವುದು ಮಾತ್ರ ಲಕ್ಷದ ಲೆಕ್ಕ. ಮನೆಯವರನ್ನೂ ಕರೆದುಕೊಂಡು ಹೋಗಿ. ಹೊರಡಿಸುವವರು ನೀವಾದರೂ ಅಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂರುವವರು ಅವರು.

ಏನೇನು ತೂಗಿ ನೋಡಬೇಕು

ಎಲ್ಲರೂ ಮೊದಲು ದುಡ್ಡು ಕೇಳುತ್ತಾರೆ. ನಾನು ಮೊದಲು ದಿನ ಕೇಳುತ್ತೇನೆ. ನಮ್ಮ ಊರುಗಳಿಂದ ಹೊರಟರೆ ವಿಮಾನ ಹತ್ತುವುದಕ್ಕೇ ಒಂದು ದಿನ ಬೇಕು. ಹೊಸಪೇಟೆ, ಬಳ್ಳಾರಿ ಕಡೆಯವರು ಹಂಪಿ ಎಕ್ಸ್‌ಪ್ರೆಸ್ಸೋ ರಾತ್ರಿ ಬಸ್ಸೋ ಹಿಡಿದು ಬೆಂಗಳೂರು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಸುಮ್ನೆ ಬೆಂಗಳೂರಿಗೆ ಬರಬೇಡಿ. ಅಲ್ಲಿಂದ ಮಾಲ್ಟಾಕ್ಕೆ ನೇರ ವಿಮಾನ ಇಲ್ಲ, ದುಬೈನಲ್ಲೋ ಇಸ್ತಾಂಬುಲ್‌ನಲ್ಲೋ ಒಂದು ಕಡೆ ಇಳಿದು ಹತ್ತಬೇಕು. ಓರ್ಕ್ನಿಗೆ ಲಂಡನ್ನೋ ಇನ್ನೊಂದೋ ದಾಟಿ ಎಡಿನ್‌ಬರೋ, ಅಲ್ಲಿಂದ ಮತ್ತೊಂದು ಸಣ್ಣ ವಿಮಾನ. ಗ್ರೀಸಿಗಾದರೆ ಅಥೆನ್ಸ್, ಆಮೇಲೆ ಹಡಗು. ಹತ್ತು ದಿನ ರಜೆ ಇದ್ದರೆ ಮಾಲ್ಟಾದಲ್ಲಿ ಏಳು ದಿನ ಕೈಗೆ ಸಿಗುತ್ತೆ, ಓರ್ಕ್ನಿಯಲ್ಲಿ ಆರೇ. ಗ್ರೀಸಿನಲ್ಲೂ ಆರು ಅಂತ ಕಾಣುತ್ತೆ, ಆದರೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಅರ್ಧರ್ಧ ದಿನ ಕರಗಿ ಉಳಿಯುವುದು ನಾಲ್ಕೂವರೆ.

ಎರಡನೆಯದು ಕಾಗದ ಪತ್ರ. ಮಾಲ್ಟಾ, ಗ್ರೀಸ್ ಎರಡಕ್ಕೂ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ದೊಡ್ಡವರಿಗೆ 90 ಯೂರೋ, 30,000 ಯೂರೋ ಖರ್ಚು ಭರಿಸುವ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ, ಹೊರಡುವ ದಿನಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಓರ್ಕ್ನಿ ಸ್ಕಾಟ್ಲೆಂಡಿಗೆ ಸೇರಿದ್ದು, ಅದಕ್ಕೆ ಬ್ರಿಟನ್ ವೀಸಾ, ಫೀಸು ನೂರು ಪೌಂಡಿಗಿಂತ ಮೇಲೆ. ಒಂದರ ಮೇಲೆ ಇನ್ನೊಂದಕ್ಕೆ ಹೋಗಲು ಬರುವುದಿಲ್ಲ. "ಹೆಂಗೂ ಹೋಗ್ತೀವಿ, ಎರಡೂ ಮುಗಿಸ್ಕೊಂಡು ಬರೋಣ" ಅನ್ನುವವರು ಎರಡು ಸಲ ಫೀಸು ಕಟ್ಟಿ ಎರಡು ಸಲ ಬೆರಳಚ್ಚು ಕೊಡಬೇಕು.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಪೇಚು ಇದೆ. ಹೊಲ ಇರುವವರ ಕೈಯಲ್ಲಿ ದುಡ್ಡು ಇರುತ್ತೆ, ಕಾಗದದಲ್ಲಿ ಇರುವುದಿಲ್ಲ. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ ಅಂತ ರಿಟರ್ನ್ಸ್ ಹಾಕಿರುವುದಿಲ್ಲ, ಭತ್ತ ಮಾರಿದ ದುಡ್ಡು ಅರ್ಧ ನಗದಾಗಿ ಬಂದಿರುತ್ತೆ, ವೀಸಾಕ್ಕೆ ಅಂತ ಒಂದೇ ಸಲಕ್ಕೆ ಮೂರು ಲಕ್ಷ ಬ್ಯಾಂಕಿಗೆ ಕಟ್ಟಿದರೆ ಅವರಿಗೆ ಅನುಮಾನ ಬರುತ್ತೆ. ಅದಕ್ಕೇ ಆರು ತಿಂಗಳು ಮುಂಚಿನಿಂದ ಬಂದ ದುಡ್ಡನ್ನೆಲ್ಲ ಖಾತೆಗೇ ಹಾಕುತ್ತಾ ಬನ್ನಿ. ಪಹಣಿ, ಅಡತಿ ಅಂಗಡಿಯ ಪಟ್ಟಿ, ರೈಸ್ ಮಿಲ್ಲಿನ ಬಿಲ್ಲು ಎಲ್ಲ ಜೋಡಿಸಿ. ಪಹಣಿ ಕನ್ನಡದಲ್ಲಿ ಇರುವುದರಿಂದ ಇಂಗ್ಲಿಷಿಗೆ ಮಾಡಿಸಿ ಇಡಬೇಕು. ಭಾವನದ್ದು ಇದೇ ಕಾರಣಕ್ಕೆ ಒಂದು ತಿಂಗಳು ತಡವಾಯಿತು.

ಮೂರನೆಯದು ಮಂಡಿ. ಮಾರುವ ಮಂಡಿ ಅಲ್ಲ, ಕಾಲಿನ ಮಂಡಿ. ನಿಮ್ಮ ಜೊತೆ ಬರುವ ಹಿರಿಯರು ಹಂಪಿಯಲ್ಲಿ ವಿಠ್ಠಲ ಗುಡಿಯವರೆಗೆ ನಡೆದು ಹೋಗಿ ಬರಬಲ್ಲರಾ, ಇಲ್ಲಾ ಬ್ಯಾಟರಿ ಗಾಡಿ ಬೇಕಾ, ಅದರ ಮೇಲೆ ನಿಂತಿದೆ ಅರ್ಧ ತೀರ್ಮಾನ. ನಾಲ್ಕನೆಯದು ಹೊಟ್ಟೆ, ಅದನ್ನು ಆಮೇಲೆ ಹೇಳುತ್ತೇನೆ. ಐದನೆಯದು ಯಾವ ತಿಂಗಳು ಅನ್ನುವುದು. ನಮಗೆ ಬಿಡುವು ಸಿಗುವುದು ಮಕ್ಕಳಿಗೆ ರಜೆ ಇದ್ದು ಎರಡನೇ ಬೆಳೆ ಕೊಯ್ದು ಮುಗಿದ ಮೇ ತಿಂಗಳಲ್ಲಿ, ಇಲ್ಲಾ ಡಿಸೆಂಬರ್-ಜನವರಿಯಲ್ಲಿ. ಈ ಎರಡರಲ್ಲಿ ನಿಮಗೆ ಯಾವುದು ಅನ್ನುವುದೇ ಕೆಲವು ಹೆಸರುಗಳನ್ನು ಪಟ್ಟಿಯಿಂದ ಹೊಡೆದು ಹಾಕುತ್ತೆ.

ಮಾಲ್ಟಾ

ನಿಜ ಹೇಳಬೇಕೆಂದರೆ ಮಾಲ್ಟಾ ಮೂಲೆಯ ದ್ವೀಪ ಅಲ್ಲ. ಮಾಲ್ಟಾ, ಗೋಜೊ, ಕೊಮಿನೊ ಮೂರೂ ಸೇರಿ 316 ಚದರ ಕಿಲೋಮೀಟರ್, ನಮ್ಮ ಒಂದು ತಾಲೂಕಿಗಿಂತ ಸಣ್ಣದು. ಅಷ್ಟರಲ್ಲೇ ಐದು ಲಕ್ಷಕ್ಕೂ ಜಾಸ್ತಿ ಜನ. ಎಲ್ಲಿ ನೋಡಿದರೂ ಕ್ರೇನು, ಕಟ್ಟಡ, ಟ್ರಾಫಿಕ್ಕು. ಸುಮ್ಮನಿರುವ ಕಡಲು, ಯಾರೂ ಇಲ್ಲದ ದಂಡೆ ಅಂತ ಕನಸು ಕಟ್ಟಿಕೊಂಡು ಹೋದರೆ ಮೊದಲ ದಿನವೇ ಬೇಜಾರಾಗುತ್ತೆ.

ಆದರೆ ಕಲ್ಲು! ಗೋಜೊದ ಜಿಗಾಂತಿಯಾ ಗುಡಿಗಳನ್ನು ಕ್ರಿ.ಪೂ. 3600ರ ಸುಮಾರಿಗೆ ಕಟ್ಟಿದ್ದು, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯವು. ಒಬ್ಬ ರಾಕ್ಷಸಿ ಹೆಂಗಸು ಹೆಗಲ ಮೇಲೆ ಕೂಸು ಇಟ್ಟುಕೊಂಡು ಈ ಕಲ್ಲೆಲ್ಲ ಹೊತ್ತು ತಂದಳು ಅಂತ ಅಲ್ಲಿಯ ಕತೆ. ನಮ್ಮಲ್ಲಿ ಮೋರ್ಯರು ಅಂದರೆ ಗಿಡ್ಡ ಜನ, ಅದಕ್ಕೇ ಇಷ್ಟು ಸಣ್ಣ ಮನೆ ಅನ್ನುತ್ತಾರೆ. ಅವ್ವ ಆ ಕತೆ ಕೇಳಿ, "ಅಲ್ಲಿ ದೊಡ್ಡಾಕಿ, ಇಲ್ಲಿ ಗಿಡ್ಡರು. ನಮ್ಮಂಥ ಮಂದಿ ಯಾರೂ ಏನೂ ಕಟ್ಟೇ ಇಲ್ಲೇನು?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಮುಖ್ಯ ದ್ವೀಪದಲ್ಲಿ ಹಜರ್ ಈಮ್ ಅನ್ನುವ ಗುಡಿ, ಅದರ ಕೆಳಗೆ ಕಡಲಿನ ಕಡೆಗೆ ಇಮ್ನೈದ್ರಾ. ಹಜರ್ ಈಮ್‌ನ ಎಲ್ಲಕ್ಕಿಂತ ದೊಡ್ಡ ಕಲ್ಲು 20 ಟನ್ನಿನಷ್ಟಿದೆ. ಸುಣ್ಣದ ಕಲ್ಲು ಮೆತ್ತಗೆ, ಮಳೆ ಗಾಳಿಗೆ ಸವೆಯುತ್ತೆ, ಅದಕ್ಕೇ 2009ರಲ್ಲಿ ಎರಡರ ಮೇಲೂ ದೊಡ್ಡ ಟೆಂಟು ಎತ್ತಿದ್ದಾರೆ. ಫೋಟೋಕ್ಕೆ ಅದು ಅಡ್ಡ ಬರುತ್ತೆ ಅಂತ ಗೊಣಗುವವರಿದ್ದಾರೆ. ಅವ್ವನಿಗೆ ಮಾತ್ರ ನೆರಳು ಸಿಕ್ಕಿತು, ಕೂರಲು ಬೆಂಚು ಇತ್ತು, ನೆಲ ಸಮ ಇತ್ತು, ಅಷ್ಟು ಸಾಕಾಯಿತು. ಟಾರ್ಶೀನ್ ಗುಡಿಗಳು ಊರ ನಡುವೆ ಮನೆಗಳ ಮಧ್ಯೆ ಇವೆ. ಹೊಲ ಉಳುವಾಗ ಕಲ್ಲು ತಗುಲಿ, 1915ರಲ್ಲಿ ಅಗೆಯಲು ಶುರು ಮಾಡಿದ್ದು. ಅದೇ ವರ್ಷ ನಮ್ಮ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಇಂಜಿನಿಯರ್ ಬೀಡನ್ ಕಣ್ಣಿಗೆ ಅಶೋಕನ ಶಾಸನ ಬಿದ್ದಿತ್ತು.

ಈಗ ನನ್ನ ತಪ್ಪು. ಹಾಲ್ ಸಾಫ್ಲಿಯೆನಿ ಹೈಪೋಜಿಯಂ ಅಂತ ನೆಲದೊಳಗೆ ಕೊರೆದ ಗುಡಿ-ಗೋರಿ ಇದೆ, 1902ರಲ್ಲಿ ಸಿಕ್ಕಿದ್ದು. ಒಳಗೆ ಉಸಿರಿನ ತೇವಕ್ಕೂ ಗೋಡೆಯ ಬಣ್ಣ ಕೆಡುತ್ತೆ ಅಂತ ಒಂದು ಸಲಕ್ಕೆ ಹತ್ತೇ ಜನರನ್ನು ಬಿಡುತ್ತಾರೆ, ದಿನಕ್ಕೆ ಎಣಿಸಿ ಬಿಡುತ್ತಾರೆ. ಟಿಕೆಟ್ಟು ಎಷ್ಟೋ ವಾರ ಮೊದಲೇ ಖಾಲಿ. ನಾನು ಹೋದ ಮೇಲೆ ನೋಡಿದರಾಯ್ತು ಅಂದುಕೊಂಡವನು. ಬಾಗಿಲವರೆಗೆ ಹೋಗಿ ಬೋರ್ಡು ಓದಿಕೊಂಡು ಬಂದೆ. ಅಲ್ಲಿ ಸಿಕ್ಕ ಮಲಗಿದ ಹೆಂಗಸಿನ ಮಣ್ಣಿನ ಗೊಂಬೆ ರಾಜಧಾನಿ ವಲೆಟ್ಟಾದ ಮ್ಯೂಸಿಯಮ್ಮಿನಲ್ಲಿದೆ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ದಪ್ಪ ತೋಳು, ಒಂದು ಕೈ ತಲೆಯ ಕೆಳಗೆ ಇಟ್ಟು ಮಧ್ಯಾಹ್ನ ಉಂಡು ಮಲಗಿದ ಹಾಗೆ ಮಲಗಿದ್ದಾಳೆ. ಅದನ್ನು ನೋಡಿ ಸಮಾಧಾನ ಮಾಡಿಕೊಂಡೆ.

ಮಾಲ್ಟಾದ ದೊಡ್ಡ ಅನುಕೂಲ ಅಂದರೆ ಎಲ್ಲವೂ ಹತ್ತಿರ. ಎಲ್ಲೆಲ್ಲೂ ಬಸ್ಸಿದೆ, ಕಾರು ಬೇಕಂತಲೇ ಇಲ್ಲ. ಓಡಿಸುವುದಾದರೆ ನಮ್ಮ ಹಾಗೆ ಎಡಬದಿ. ಇಂಗ್ಲಿಷ್ ಎಲ್ಲರಿಗೂ ಬರುತ್ತೆ, ಅದು ಅಲ್ಲಿ ಆಡಳಿತ ಭಾಷೆ ಕೂಡ. ಗೋಜೊಕ್ಕೆ ಚಿರ್ಕೆವಾದಿಂದ ಹಡಗು, ಇಪ್ಪತ್ತೈದು ನಿಮಿಷ. ಹೋಗುವಾಗ ದುಡ್ಡು ತೆಗೆದುಕೊಳ್ಳುವುದಿಲ್ಲ, ಬರುವಾಗ ಒಟ್ಟಿಗೆ ಕೊಡಬೇಕು. ಕೆಲಸಕ್ಕೆ ಬಂದ ನಮ್ಮ ದೇಶದವರು ಬಹಳ ಜನ ಇದ್ದಾರೆ, ಅಕ್ಕಿ, ಬೇಳೆ, ಮಸಾಲೆ ಸಿಗುವ ಅಂಗಡಿ ಹುಡುಕುವುದು ಕಷ್ಟ ಆಗಲಿಲ್ಲ. ಬೇಕರಿಯಲ್ಲಿ ಪಸ್ತಿತ್ಸಿ ಅಂತ ಪದರ ಪದರದ ಕರ್ಜಿಕಾಯಿಯಂಥದ್ದು ಸಿಗುತ್ತೆ, ಒಳಗೆ ಬಟಾಣಿ ಇಲ್ಲಾ ಗಿಣ್ಣಿನಂಥ ಮೆತ್ತನೆ ಚೀಸು. ಅಗ್ಗ, ಹೊಟ್ಟೆ ತುಂಬುತ್ತೆ. ಪಕ್ಕಾ ಸಸ್ಯಾಹಾರಿಗಳಾದರೆ ಹಿಟ್ಟಿಗೆ ಯಾವ ಕೊಬ್ಬು ಹಾಕಿದ್ದೀರಿ ಅಂತ ಕೇಳಿಯೇ ತಿನ್ನಿ.

ಡಿಸೆಂಬರಿನಲ್ಲಿ ಹೋಗುವವರಿಗೆ ಈ ಮೂರರಲ್ಲಿ ಇದೊಂದೇ ಸರಿ. ಆಗ ಆಗಾಗ ಮಳೆ ಬರುತ್ತೆ, ಆದರೆ ಒಂದು ಸ್ವೆಟರಿನಲ್ಲಿ ಕಳೆಯುವ ಚಳಿ, ಹೋಟೆಲ್ ರೇಟೂ ಇಳಿದಿರುತ್ತೆ. ಜುಲೈ-ಆಗಸ್ಟಿನಲ್ಲಿ ಬಿಸಿಲು ಸುಡುತ್ತೆ. ಬಳ್ಳಾರಿಯವರಿಗೆ ಅದೇನು ಲೆಕ್ಕ ಅಂತೀರಾ? ಸರಿ, ಆದರೆ ಬಳ್ಳಾರಿ ಬಿಸಿಲು ಬಳ್ಳಾರಿಯಲ್ಲೇ ಬಿಟ್ಟಿ ಸಿಗುತ್ತಲ್ಲ.

ಓರ್ಕ್ನಿ

ಸ್ಕಾಟ್ಲೆಂಡಿನ ತುದಿ ದಾಟಿದ ಮೇಲೆ ಸಿಗುವ ಎಪ್ಪತ್ತರಷ್ಟು ದ್ವೀಪಗಳು. ಜನ ಇರುವುದು ಇಪ್ಪತ್ತರಲ್ಲಿ, ಎಲ್ಲ ಸೇರಿ 22,000ದ ಆಸುಪಾಸು. ನಮ್ಮ ಕಾರಟಗಿ ಪೇಟೆಯಲ್ಲಿ ಸಂತೆ ದಿನ ಇದಕ್ಕಿಂತ ಜಾಸ್ತಿ ಮಂದಿ ಕಂಡಂತೆ ಅನ್ನಿಸುತ್ತೆ. ಮರ ಕಡಿಮೆ, ಹುಲ್ಲು, ದನ, ಕುರಿ, ಗಾಳಿ. ಗಾಳಿ ಅಂದರೆ ಸುಮ್ನೆ ಗಾಳಿ ಅಲ್ಲ, ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆಗೆಯಬೇಕು. ಮೊದಲ ದಿನ ಬ್ರಾಡ್ಗರ್ ಅನ್ನುವ ಕಲ್ಲಿನ ವೃತ್ತದ ಹತ್ತಿರ ನನ್ನ ಕೊಡೆ ಉಲ್ಟಾ ಆಗಿ ಕಡ್ಡಿ ಮಾತ್ರ ಉಳಿಯಿತು. ಕೊಡೆ ಒಯ್ಯಬೇಡಿ, ಗಾಳಿ-ಮಳೆ ತಡೆಯುವ ಜಾಕೆಟ್ಟು ಒಯ್ಯಿರಿ.

ಈ ದ್ವೀಪಗಳ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. 1468ರಲ್ಲಿ ನಾರ್ವೆ-ಡೆನ್ಮಾರ್ಕಿನ ರಾಜ ಮಗಳನ್ನು ಸ್ಕಾಟ್ಲೆಂಡಿನ ರಾಜನಿಗೆ ಕೊಟ್ಟ. ವರದಕ್ಷಿಣೆಗೆ ನಗದು ಸಾಲದೆ ಓರ್ಕ್ನಿಯನ್ನು ಅಡ ಇಟ್ಟ. ಬಿಡಿಸಿಕೊಳ್ಳಲೇ ಇಲ್ಲ. ನಾವು ರಾಯಚೂರು ದೋಆಬಿಗೆ ರಕ್ತ ಹರಿಸಿದ ಕತೆ ಓದಿ ಬೆಳೆದವರು, ಅಲ್ಲಿ ಬೀಗರ ಬಾಕಿಗೇ ಎಪ್ಪತ್ತು ದ್ವೀಪ ಕೈ ಬದಲಾಯಿಸಿತು.

1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಾಲ್ಕು ಜಾಗಗಳು ಮುಖ್ಯ ದ್ವೀಪದಲ್ಲೇ ಇವೆ. ಸ್ಕಾರಾ ಬ್ರೇ, ಮೇಸ್‌ಹೌ, ಬ್ರಾಡ್ಗರ್ ವೃತ್ತ, ಸ್ಟೆನ್ನೆಸ್ ಕಲ್ಲುಗಳು. ಸ್ಕಾರಾ ಬ್ರೇ ಐದು ಸಾವಿರ ವರ್ಷದ ಊರು. ಮರಳಿನಡಿ ಹೂತು ಹೋಗಿದ್ದು 1850ರಲ್ಲಿ ಒಂದು ಬಿರುಗಾಳಿಗೆ ಹೊರಗೆ ಬಂತು. ಮೇಲಿನ ದಾರಿಯಲ್ಲಿ ನಿಂತು ಕೆಳಗೆ ಮನೆಯೊಳಕ್ಕೆ ನೋಡಬೇಕು. ನಡುವೆ ಒಲೆ. ಎರಡು ಕಡೆ ಕಲ್ಲಿನ ಹಾಸಿಗೆ ಗೂಡು. ಬಾಗಿಲಿಗೆ ಎದುರಾಗಿ, ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವಂತೆ, ಕಲ್ಲಿನದೇ ಎರಡು ಅಂತಸ್ತಿನ ಕಪಾಟು. ಮರ ಇಲ್ಲದ ನಾಡು, ಆದರೆ ಅಲ್ಲಿಯ ಕಲ್ಲು ನಮ್ಮ ಫರಸಿ ಕಲ್ಲಿನ ಹಾಗೆ ಪದರ ಪದರವಾಗಿ ಎದ್ದು ಬರುತ್ತೆ, ಅದರಲ್ಲೇ ಎಲ್ಲ ಮಾಡಿಕೊಂಡಿದ್ದಾರೆ. ಅಜ್ಜಿ ಪಡಸಾಲೆಯಲ್ಲಿ ಬಂದವರಿಗೆ ಕಾಣಲಿ ಅಂತ ಹಿತ್ತಾಳೆ ಕೊಡಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಸಾಲಾಗಿ ಜೋಡಿಸುತ್ತಿದ್ದಳು. ಆ ಕಪಾಟು ನೋಡುತ್ತಾ ನನಗೆ ಅದೇ ನೆನಪಾಯಿತು. ಬಂದವರು ನೋಡಲಿ ಅನ್ನುವ ಆಸೆಗೆ ಐದು ಸಾವಿರ ವರ್ಷ ಆಗಿದೆ.

ಮೇಸ್‌ಹೌ ಒಂದು ಕಲ್ಲುಗೋರಿ, ಹೊರಗಿನಿಂದ ಹುಲ್ಲು ಬೆಳೆದ ಒಂದು ದಿಬ್ಬ ಅಷ್ಟೆ. ಒಳಗೆ ಹೋಗಲು ಹತ್ತು ಮೀಟರಿನಷ್ಟು ಉದ್ದದ ದಾರಿ, ಬೆನ್ನು ಪೂರಾ ಬಗ್ಗಿಸಿಯೇ ನಡೆಯಬೇಕು. ಚಳಿಗಾಲದ ನಡುವಿನ ಸಣ್ಣ ಹಗಲುಗಳಲ್ಲಿ ಮುಳುಗುವ ಸೂರ್ಯನ ಬೆಳಕು ಅದೇ ದಾರಿಯಲ್ಲಿ ಬಂದು ಹಿಂದಿನ ಗೋಡೆಗೆ ಬೀಳುತ್ತೆ. 12ನೇ ಶತಮಾನದಲ್ಲಿ ನಾರ್ವೆ ಕಡೆಯ ವೈಕಿಂಗರು ಮಾಡು ಒಡೆದು ಒಳಗಿಳಿದು ಗೋಡೆಯ ತುಂಬ ತಮ್ಮ ಲಿಪಿಯಲ್ಲಿ ಗೀಚಿದ್ದಾರೆ. ಒಬ್ಬ, ಇಂಗಿಗರ್ತ್ ಅನ್ನುವವಳು ಹೆಂಗಸರಲ್ಲೆಲ್ಲ ಚೆಲುವೆ ಅಂತ ಬರೆದಿದ್ದಾನೆ. ನಮ್ಮ ಗುಡ್ಡದ ಮೇಲೆ ಬಿಳಿ ಬಣ್ಣದಲ್ಲಿ ಹೃದಯ ಬರೆದು ಹೆಸರು ಹಾಕುವ ಹುಡುಗರನ್ನು ಬೈಯುವಾಗ ಇನ್ನು ಮುಂದೆ ನನಗೆ ಸ್ವಲ್ಪ ನಗು ಬರುತ್ತೆ. ಬೈಯುವುದಂತೂ ಬಿಡುವುದಿಲ್ಲ.

ಬ್ರಾಡ್ಗರ್‌ನಲ್ಲಿ ಮೊದಲು ಅರವತ್ತು ಕಲ್ಲಿದ್ದವಂತೆ, ಈಗ 36 ಉಳಿದಿವೆ. ಟಿಕೆಟ್ಟಿಲ್ಲ, ಗೇಟಿಲ್ಲ. ಸ್ಟೆನ್ನೆಸ್ ಕಲ್ಲುಗಳಿಗೂ ಇಲ್ಲ. ಮೇ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತೆ, ಬಸ್ಸಿನಲ್ಲಿ ಬಂದ ಮಂದಿ ಎಲ್ಲ ಹೋದ ಮೇಲೆ ಅಲ್ಲಿ ಒಬ್ಬರೇ ನಿಲ್ಲಬಹುದು. ನಾವು ಮೂವರು ಒಂದು ತಾಸು ಮಾತೇ ಆಡದೆ ಸುತ್ತಿದೆವು. ಮೂವರೂ ಬಾಯಿ ಮುಚ್ಚಿಕೊಂಡಿದ್ದು ಆ ಪ್ರವಾಸದಲ್ಲಿ ಅದೊಂದೇ ಸಲ.

ಹೋಗುವ ದಾರಿಗೆ ಎರಡು ಆಯ್ಕೆ. ಎಡಿನ್‌ಬರೋ, ಗ್ಲಾಸ್ಗೋ, ಅಬರ್ಡೀನ್, ಇನ್ವರ್ನೆಸ್‌ನಿಂದ ಓರ್ಕ್ನಿಯ ದೊಡ್ಡ ಊರು ಕರ್ಕ್‌ವಾಲಿಗೆ ಸಣ್ಣ ವಿಮಾನ. ಇಲ್ಲಾ ರಸ್ತೆಯಲ್ಲಿ ಸ್ಕಾಟ್ಲೆಂಡಿನ ತುದಿಯವರೆಗೆ ಹೋಗಿ ಸ್ಕ್ರಾಬ್‌ಸ್ಟರ್‌ನಿಂದ ಸ್ಟ್ರಾಮ್ನೆಸ್‌ಗೆ ಒಂದೂವರೆ ತಾಸಿನ ಹಡಗು. ಹಡಗಿನಲ್ಲಿ ಹೋದರೆ ಓಲ್ಡ್ ಮ್ಯಾನ್ ಆಫ್ ಹೋಯ್ ಅನ್ನುವ 137 ಮೀಟರ್ ಎತ್ತರದ ಒಂಟಿ ಬಂಡೆ ಕಡಲಿನಲ್ಲಿ ನಿಂತಿರುವುದು ಹತ್ತಿರದಿಂದ ಕಾಣುತ್ತೆ. ನನ್ನ ಗೆಳೆಯ, ಆನೆಗೊಂದಿಯಲ್ಲಿ ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿದವನು ನಾನು ಅಂತ ಕೊಚ್ಚಿಕೊಳ್ಳುತ್ತಿದ್ದವನು, ಆ ಬಂಡೆ ಬರುವ ಹೊತ್ತಿಗೆ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದ. ಮೈ ತಿರುಗುವವರು ವಿಮಾನಕ್ಕೆ ದುಡ್ಡು ಕೊಡಿ. ಹಗಲಲ್ಲಿ ಡ್ರೈವ್ ಮಾಡುವ ಖುಷಿ ಬೇಕಾದವರಿಗೆ ರಸ್ತೆ.

ಕಾರು ಇಲ್ಲದೆ ಓರ್ಕ್ನಿ ಕಷ್ಟ. ಬಸ್ಸಿದೆ, ಆದರೆ ಬಸ್ಸಿಗೆ ಕಾಯುತ್ತಾ ಗಾಳಿಯಲ್ಲಿ ನಿಂತರೆ ದಿನವೇ ಹೋಗುತ್ತೆ. ನಮ್ಮ ಲೈಸೆನ್ಸು ಬ್ರಿಟನ್ನಿನಲ್ಲಿ ಒಂದು ವರ್ಷದವರೆಗೆ ನಡೆಯುತ್ತೆ, ಅಲ್ಲೂ ಎಡಬದಿಯೇ, ರಸ್ತೆಗಳು ಖಾಲಿ. ಮೂರು-ನಾಲ್ಕು ಜನ ಸೇರಿದರೆ ಕಾರು, ಅಡುಗೆ ಮನೆ ಇರುವ ಬಾಡಿಗೆ ಮನೆ ಎರಡೂ ಹಂಚಿ ಹೋಗುತ್ತೆ. ಒಬ್ಬರೇ ಹೋದರೆ ಎಲ್ಲಕ್ಕಿಂತ ದುಬಾರಿ ಇದೇ.

ಹವೆಯನ್ನು ನಂಬಬೇಡಿ. ಪಾಪಾ ವೆಸ್ಟ್ರೆ ಅನ್ನುವ ಸಣ್ಣ ದ್ವೀಪದಲ್ಲಿ ನ್ಯಾಪ್ ಆಫ್ ಹೌವರ್ ಅಂತ ಸ್ಕಾರಾ ಬ್ರೇಗಿಂತಲೂ ಹಳೆಯ ಮನೆ ಇದೆ. ಪಕ್ಕದ ವೆಸ್ಟ್ರೆಯಿಂದ ಅಲ್ಲಿಗೆ ಹೋಗುವ ವಿಮಾನ ಜಗತ್ತಿನಲ್ಲೇ ಅತಿ ಚಿಕ್ಕ ಯಾನ, ಎರಡು ನಿಮಿಷವೂ ಇಲ್ಲ. ಅದಕ್ಕಾಗಿ ಒಂದು ಪೂರ್ತಿ ದಿನ ಇಟ್ಟಿದ್ದೆವು. ಆ ದಿನ ಮಂಜು ಕವಿದು ಏನೂ ಹಾರಲಿಲ್ಲ. ಕರ್ಕ್‌ವಾಲಿನ ಕೆಂಪು ಕಲ್ಲಿನ ಸೇಂಟ್ ಮ್ಯಾಗ್ನಸ್ ಇಗರ್ಜಿಯಲ್ಲಿ ಕೂತೆವು. 1137ರಲ್ಲಿ ಕಟ್ಟಲು ಶುರು ಮಾಡಿದ್ದು, ಒಳ್ಳೆಯ ಜಾಗವೇ. ಆದರೂ ಆ ಎರಡು ನಿಮಿಷ ಹೋಯಿತಲ್ಲ ಅನ್ನುವ ಸಂಕಟ ಇನ್ನೂ ಇದೆ. ಓರ್ಕ್ನಿಗೆ ಹೋಗುವವರು ಒಂದು ದಿನ ಕಳೆದು ಹೋಗುತ್ತೆ ಅಂತಲೇ ಲೆಕ್ಕ ಹಾಕಿ ಹೊರಡಿ.

ಡಿಸೆಂಬರಿನಲ್ಲಿ ಬೇಡ. ಹಗಲು ಆರು ತಾಸು ಸಿಗುತ್ತೆ ಅಷ್ಟೆ. ಮೇ ತಿಂಗಳಲ್ಲಿ ಹೋಗಿ. ಮಧ್ಯಾಹ್ನಕ್ಕೆ ಹನ್ನೆರಡು-ಹದಿಮೂರು ಡಿಗ್ರಿ, ಅದೇ ಹೊತ್ತಿಗೆ ರಾಯಚೂರಿನಲ್ಲಿ ನಲವತ್ತೆರಡು. ಆ ಒಂದು ಸುಖಕ್ಕೇ ಅರ್ಧ ದುಡ್ಡು ವಸೂಲಾಯಿತು ಅಂತ ನನಗನ್ನಿಸಿತು.

ಗ್ರೀಸಿನ ಸಿಕ್ಲಡೀಸ್

ಅಥೆನ್ಸಿನ ಕೆಳಗೆ ಹರಡಿದ ಇನ್ನೂರಕ್ಕೂ ಜಾಸ್ತಿ ದ್ವೀಪಗಳು, ಜನ ಇರುವುದು ಕೆಲವುಗಳಲ್ಲಿ ಮಾತ್ರ. ಫೋಟೋದಲ್ಲಿ ಬರುವ ಬಿಳಿ ಗೋಡೆ ನೀಲಿ ಗುಮ್ಮಟ ಇಲ್ಲಿಯದೇ. ಪುರಾತನ ಜಾಗಗಳಲ್ಲಿ ರಾಜ ಅಂದರೆ ಡೆಲೋಸ್. ಮಿಕೊನೋಸ್‌ನಿಂದ ದೋಣಿಯಲ್ಲಿ ಅರ್ಧ ತಾಸು. ಗ್ರೀಕರ ದೇವರು ಅಪೊಲೊ ಹುಟ್ಟಿದ ಜಾಗ ಅಂತ ಅದು ಎಷ್ಟು ಮಡಿಯ ದ್ವೀಪವಾಗಿತ್ತು ಅಂದರೆ, ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಅಲ್ಲಿದ್ದ ಗೋರಿಗಳನ್ನೆಲ್ಲ ಅಗೆದು ಬೇರೆ ಕಡೆ ಸಾಗಿಸಿ, ಇನ್ನು ಮುಂದೆ ಈ ನೆಲದಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಅಂತ ಕಟ್ಟಳೆ ಮಾಡಿದರು. ಈಗಲೂ ಪ್ರವಾಸಿಗಳು ರಾತ್ರಿ ಉಳಿಯುವಂತಿಲ್ಲ. ಅಕ್ಕ ಹೇಳಿದ್ದು ಇಷ್ಟು: "ಹಂಪಿಯಲ್ಲಿ ಬಂಡೆಯ ನೆರಳಾದರೂ ಇದೆ, ಅಲ್ಲಿ ಅದೂ ಇಲ್ಲ. ಟೋಪಿ, ನೀರು ಇಲ್ಲದೆ ದೋಣಿ ಹತ್ತಬೇಡಿ."

ಸ್ಯಾಂಟೊರಿನಿಯಲ್ಲಿ ಅಕ್ರೊತಿರಿ ಇದೆ, ಜ್ವಾಲಾಮುಖಿಯ ಬೂದಿಯಲ್ಲಿ ಹೂತು ಹೋದ ಪೇಟೆ. ಎರಡು-ಮೂರು ಅಂತಸ್ತಿನ ಮನೆ, ಚರಂಡಿ ಎಲ್ಲ ಇದ್ದವು, ಹೆಣ ಮಾತ್ರ ಸಿಕ್ಕಿಲ್ಲ, ಜನ ಮೊದಲೇ ಊರು ಬಿಟ್ಟಿದ್ದರು ಅಂತ ತಿಳಿದವರು ಹೇಳುತ್ತಾರೆ. ಮೇಲೆ ಮಾಡು ಹಾಕಿದ್ದಾರೆ, ಹಾಗಾಗಿ ಬಿಸಿಲಿನಲ್ಲೂ ನೋಡಬಹುದು. ಆ ದ್ವೀಪದ ಉಳಿದ ಭಾಗ ಬರೀ ಜಾತ್ರೆ, ದೊಡ್ಡ ದೊಡ್ಡ ಪ್ರವಾಸಿ ಹಡಗುಗಳು ಬಂದು ಸಾವಿರಗಟ್ಟಲೆ ಜನರನ್ನು ಸುರಿಯುತ್ತವೆ. ನನ್ನನ್ನು ಕೇಳಿದರೆ ನ್ಯಾಕ್ಸೋಸ್‌ನಲ್ಲಿ ಉಳಿಯಿರಿ. ಅಗ್ಗ, ಊರು ಊರಿನ ಹಾಗಿದೆ. ಬಂದರಿನ ಪಕ್ಕ ಊರ ಅಗಸಿಯಂತೆ ಒಂದು ಒಂಟಿ ಅಮೃತಶಿಲೆಯ ಬಾಗಿಲು ನಿಂತಿದೆ, ಕ್ರಿ.ಪೂ. 6ನೇ ಶತಮಾನದಲ್ಲಿ ಶುರುವಾಗಿ ಮುಗಿಯದೇ ಉಳಿದ ಗುಡಿಯದು. ಹಿಂದೆಯೂ ಇಲ್ಲ ಮುಂದೆಯೂ ಇಲ್ಲ, ಬಾಗಿಲಷ್ಟೇ. ಅಕ್ಕನಿಗೆ ಎಲ್ಲಕ್ಕಿಂತ ಅದೇ ಹಿಡಿಸಿತು.

ಊಟಕ್ಕೆ ಮೂರರಲ್ಲಿ ಇದೇ ಮೇಲು. ಫಾವಾ ಅಂದರೆ ನಮ್ಮ ಗಟ್ಟಿ ಬೇಳೆಯ ತಂಗಿ. ಬದನೆಕಾಯಿ, ಕಾಳು, ಮೊಸರು ಧಾರಾಳ. ತೊಂದರೆ ಇರುವುದು ಓಡಾಟದಲ್ಲಿ. ಹಡಗಿನ ಟಿಕೆಟ್ಟು ಬೇರೆ ಬೇರೆ, ಸಾಮಾನು ಹೊತ್ತು ಹತ್ತಿಳಿಯಬೇಕು, ಜುಲೈ-ಆಗಸ್ಟಿನಲ್ಲಿ ಮೆಲ್ಟೆಮಿ ಅನ್ನುವ ಗಾಳಿ ಎದ್ದರೆ ಹಡಗೇ ಬಿಡುವುದಿಲ್ಲ. ಕಾರು ಬಲಬದಿ, ನಮ್ಮ ಲೈಸೆನ್ಸಿನ ಜೊತೆ ಆರ್‌ಟಿಒದಲ್ಲಿ ಮಾಡಿಸಿದ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು. ಚಳಿಗಾಲದಲ್ಲಿ ಹಡಗು ಕಡಿಮೆ, ಅರ್ಧ ಅಂಗಡಿ ಮುಚ್ಚಿರುತ್ತವೆ.

ಉಳಿದವು

ಕೊಪ್ಪಳದ ಹುಡುಗನಿಗೆ ಹೇಳಿದ್ದನ್ನೇ ಹೇಳುತ್ತೇನೆ. ಈಸ್ಟರ್ ದ್ವೀಪ ಚಿಲಿಯ ದಂಡೆಯಿಂದ 3,500 ಕಿಲೋಮೀಟರಿಗೂ ಜಾಸ್ತಿ ದೂರ. ಮೊದಲು ಭೂಮಿಯ ಆ ಕಡೆಗೆ ಹೋಗಿ ಸ್ಯಾಂಟಿಯಾಗೊ ಮುಟ್ಟಬೇಕು, ಅಲ್ಲಿಂದ ಮತ್ತೆ ಐದೂವರೆ ತಾಸು. ಮೂರು ವಾರ ರಜೆಯೂ ನಾಲ್ಕೈದು ಲಕ್ಷವೂ ಇರುವವರು ನನ್ನ ಮಾತು ಕೇಳುವ ಅಗತ್ಯ ಇಲ್ಲ, ಹೋಗಿ ಬನ್ನಿ. ಓರ್ಕ್ನಿಗೆ ಎರಡು ವಾರ ಇಟ್ಟುಕೊಂಡು ಹೋಗುವವರು ಸ್ಕಾಟ್ಲೆಂಡಿನ ಪಶ್ಚಿಮದ ಲೂಯಿಸ್ ದ್ವೀಪದ ಕ್ಯಾಲನಿಶ್ ಕಲ್ಲುಗಳನ್ನೂ ಸೇರಿಸಿಕೊಳ್ಳಿ, ಅದೇ ವೀಸಾ, ಉಲ್ಲಾಪೂಲ್‌ನಿಂದ ಮೂರು ತಾಸಿಗೆ ಸ್ವಲ್ಪ ಕಡಿಮೆ ಹಡಗು. ಭಾನುವಾರ ಮಾತ್ರ ಅಲ್ಲಿ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ, ಶನಿವಾರವೇ ಹಾಲು ಬ್ರೆಡ್ಡು ತಂದಿಟ್ಟುಕೊಳ್ಳಿ.

ದುಡ್ಡು, ಯಾರಿಗೆ ಯಾವುದು

ಮಾಲ್ಟಾ ನಮಗೆ ತಲಾ 1.5 ಲಕ್ಷದ ಹತ್ತಿರ ಬಿತ್ತು, ಏಳು ರಾತ್ರಿ, ಸಾಧಾರಣ ಹೋಟೆಲು, ಬಸ್ಸು. ಓರ್ಕ್ನಿ ಮೂವರು ಹಂಚಿಕೊಂಡೂ ತಲಾ 2 ಲಕ್ಷ ದಾಟಿತು. ಅಕ್ಕ-ಭಾವನದ್ದು ಎರಡರ ನಡುವೆ, ಸ್ಯಾಂಟೊರಿನಿಯಲ್ಲಿ ಎರಡು ರಾತ್ರಿ ಉಳಿದಿದ್ದೇ ಅದನ್ನು ಮೇಲೆತ್ತಿದ್ದು. ವಿಮಾನದ ರೇಟು ವಾರ ವಾರ ಬದಲಾಗುತ್ತೆ, ಹಾಗಾಗಿ ಈ ಅಂಕಿಗಳನ್ನು ಒಂದಕ್ಕೊಂದು ಹೋಲಿಸಲು ಮಾತ್ರ ಇಟ್ಟುಕೊಳ್ಳಿ.

ವಯಸ್ಸಾದ ಅಪ್ಪ-ಅವ್ವ, ಸಣ್ಣ ಮಕ್ಕಳು ಜೊತೆಗಿದ್ದರೆ ಯೋಚನೆಯೇ ಬೇಡ, ಮಾಲ್ಟಾ. ಮಕ್ಕಳಿಗೆ ಕಡಲು, ಹಿರಿಯರಿಗೆ ಬೆಂಚು, ನಿಮಗೆ ಕಲ್ಲು. ಹೊಸದಾಗಿ ಮದುವೆಯಾದವರು, ಒಬ್ಬರಿಗೆ ಕಲ್ಲು ಇಷ್ಟ, ಇನ್ನೊಬ್ಬರಿಗೆ ಫೋಟೋ ಇಷ್ಟ ಅನ್ನುವ ಜೋಡಿಗಳು ಮೇ ತಿಂಗಳಲ್ಲಿ ಗ್ರೀಸಿಗೆ ಹೋಗಿ, ಎರಡೇ ದ್ವೀಪ ಸಾಕು, ಮೂರನೆಯದಕ್ಕೆ ಆಸೆ ಪಡಬೇಡಿ. ಸಂಗನಕಲ್ಲಿನ ಗುಡ್ಡದಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ ಹುಡುಕಿಕೊಂಡು ಬಿಸಿಲಲ್ಲಿ ಅಲೆಯುವ, ಬೂದಿದಿಬ್ಬ ಕಂಡರೆ ಬೈಕು ನಿಲ್ಲಿಸುವ ನನ್ನಂಥ ಹುಚ್ಚರು ಇನ್ನೊಂದು ವರ್ಷ ದುಡ್ಡು ಕೂಡಿಸಿ ಆದರೂ ಓರ್ಕ್ನಿಗೇ ಹೋಗಿ. 1.5 ಲಕ್ಷ ಕೈಯಲ್ಲಿದೆ, ಇನ್ನೊಂದು ಐವತ್ತು ಸಾವಿರ ಸಾಲ ಮಾಡಿ ಓರ್ಕ್ನಿ ನೋಡಲಾ ಅಂದರೆ ಬೇಡ ಅನ್ನುತ್ತೇನೆ. ಸಾಲದ ಪ್ರವಾಸದಲ್ಲಿ ಒಂದು ದಿನ ಮಂಜು ಕವಿದರೂ ಹೊಟ್ಟೆ ಉರಿಯುತ್ತೆ.

ಬುಕ್ ಮಾಡುವಾಗ ಕ್ರಮ ತಪ್ಪಬೇಡಿ. ಮಾಲ್ಟಾ ಮಾಡುವಾಗ ಒಬ್ಬ ಏಜೆಂಟ್, ಹೆಸರು ಬೇಡ, ವೀಸಾ ಬರುವ ಮೊದಲೇ ವಾಪಸ್ ಆಗದ ಹೋಟೆಲ್ ರೂಮಿಗೆ ಪೂರ್ತಿ ದುಡ್ಡು ಕಟ್ಟಿಸಿದ. ವೀಸಾ ಒಂಬತ್ತು ದಿನ ತಡವಾಗಿ ಬಂತು, ಎರಡು ರಾತ್ರಿಯ ದುಡ್ಡು ಹೋಯಿತು. ಕ್ಯಾನ್ಸಲ್ ಮಾಡಬಹುದಾದ ರೂಮನ್ನೇ ತೆಗೆದುಕೊಳ್ಳಿ, ನಾಲ್ಕು ಕಾಸು ಜಾಸ್ತಿಯಾದರೂ ಪರವಾಗಿಲ್ಲ. ವೀಸಾ ಕೈಗೆ ಬಂದ ದಿನವೇ ಹೈಪೋಜಿಯಂ ಟಿಕೆಟ್ಟು, ಓರ್ಕ್ನಿಗಾದರೆ ಕಾರು ಮತ್ತು ಮೇಸ್‌ಹೌ ಸಮಯ. ಉಳಿದದ್ದು ನಿಧಾನ.

ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇರಲಿ. ರೊಟ್ಟಿ ಮುರಿಯದಂತೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಪೇಡ, ತುಪ್ಪ, ಹಾಲಿನದು ಏನೂ ಬೇಡ, ಯುರೋಪು, ಬ್ರಿಟನ್ ಎರಡೂ ಕಡೆ ಹೊರಗಿನಿಂದ ಹಾಲು, ಮಾಂಸದ ಪದಾರ್ಥ ಒಯ್ಯಲು ಬಿಡುವುದಿಲ್ಲ. ಓರ್ಕ್ನಿಯಲ್ಲಿ ಬೇರ್ ಅನ್ನುವ ಹಳೇ ತಳಿಯ ಬಾರ್ಲಿ ಹಿಟ್ಟಿನಿಂದ ದಪ್ಪ ರೊಟ್ಟಿಯಂಥ ಬ್ಯಾನಕ್ ಮಾಡುತ್ತಾರೆ. ಅದಕ್ಕೆ ನಮ್ಮ ಶೇಂಗಾ ಪುಡಿ ಹಚ್ಚಿ ಬಾಡಿಗೆ ಮನೆಯ ಯಜಮಾನಿಗೆ ಕೊಟ್ಟೆವು. ಆಕೆ ಇನ್ನೊಂದು ಕೇಳಿ ತಿಂದಳು, ಆಮೇಲೆ ಎರಡು ಲೋಟ ನೀರು ಕುಡಿದಳು.

ಸಿಂಧನೂರಿನ ಗೆಳೆಯ ಹೋದ ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹಿರೇಬೆಣಕಲ್‌ಗೆ ಹೋಗಿದ್ದ. ಇವನಿಗೆ ಮೂರನೇ ಗೋರಿಗೇ ಸಾಕಾಗಿ ಕೆರೆ ದಂಡೆಯಲ್ಲಿ ಕೂತನಂತೆ. ಆಕೆ ಮಾತ್ರ ಒಂದೊಂದು ತೂತಿನೊಳಗೂ ಇಣುಕುತ್ತಾ ಗುಡ್ಡವೆಲ್ಲ ಸುತ್ತಿ, ಕತ್ತಲಾಗುತ್ತೆ ಇಳಿಯೇ ಅಂತ ಇವನು ನಾಲ್ಕು ಸಲ ಕೂಗಿದ ಮೇಲೆ ಬಂದಳಂತೆ. ಈಗ ಅವನು ಪಹಣಿ ಇಂಗ್ಲಿಷಿಗೆ ಮಾಡಿಸಲು ಓಡಾಡುತ್ತಿದ್ದಾನೆ, ಮೇ ತಿಂಗಳಿಗೆ ಓರ್ಕ್ನಿ.